ಆಸ್ಪತ್ರೆ ಕಾಣದಂತೆ ಕಟ್ಟಿದ ಶಿಬಿರ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆಶ್‌ಫರ್ಡ್ ಎಂಬ ಪುಟ್ಟ ಊರಿನ ಬಳಿ, ಕಾಡಿನ ನಡುವೆ, ಮಕ್ಕಳ ಬೇಸಿಗೆ ಶಿಬಿರವೊಂದಿದೆ. ಅಲ್ಲಿಯ ಈಜುಕೊಳದ ನೀರನ್ನು ಬೇಸಿಗೆಯಲ್ಲೂ ಕಾಯಿಸಿ ಬೆಚ್ಚಗಿಡುತ್ತಾರೆ. ಈಜಿ ಮೇಲೆ ಬರುವ ಮಗುವನ್ನು ಒಣ ಟವೆಲಿನಲ್ಲಿ ಸುತ್ತಿಕೊಳ್ಳಲು ದಡದಲ್ಲಿ ಯಾರಾದರೂ ಸಿದ್ಧರಾಗಿ ನಿಂತಿರಬೇಕು. ಮೊದಲ ಸಲ ನೋಡಿದವರಿಗೆ ಇದು ಅತಿ ಮುದ್ದು ಎನ್ನಿಸೀತು.

ಕಾರಣ ಬೇರೆ. ಇಲ್ಲಿಗೆ ಬರುವ ಮಕ್ಕಳಲ್ಲಿ ಅನೇಕರಿಗೆ ‘ಸಿಕಲ್ ಸೆಲ್’, ಅಂದರೆ ಕುಡಗೋಲು ಕಣ ರಕ್ತಹೀನತೆ ಇರುತ್ತದೆ. ತಂದೆ ತಾಯಿಯರಿಂದ ಬರುವ ಈ ಕಾಯಿಲೆಯಲ್ಲಿ, ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗಿ ಗಡುಸಾಗುತ್ತವೆ. ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಹರಿವನ್ನು ತಡೆಯುತ್ತವೆ. ಆಗ ಬರುವ ನೋವು ಮೂಳೆಯನ್ನೇ ಹಿಂಡುವಂಥದು. ತಣ್ಣೀರು, ಒದ್ದೆ ಮೈಗೆ ತಾಗುವ ಗಾಳಿ, ದೇಹದಲ್ಲಿ ನೀರಿನ ಅಂಶ ಇಳಿಯುವುದು, ಇಷ್ಟು ಸಾಕು ಆ ನೋವು ಕೆರಳಲು. ಅರ್ಧ ಗಂಟೆಯ ಈಜು ಹಲವು ದಿನಗಳ ಆಸ್ಪತ್ರೆ ವಾಸಕ್ಕೆ ದಾರಿಯಾಗಬಹುದು. ನೀರಿನಲ್ಲಿ ಕೇಕೆ ಹಾಕುವ ಮಗು ಇದನ್ನೆಲ್ಲ ಆ ಹೊತ್ತಿಗೆ ಮರೆಯಬಹುದು. ಟವೆಲ್ ಹಿಡಿದವರು ಮರೆಯುವಂತಿಲ್ಲ. ಗಂಭೀರ ಕಾಯಿಲೆಯ ಮಕ್ಕಳಿಗಾಗಿ ನಡೆಯುವ ಶಿಬಿರಗಳಲ್ಲಿ ದುಡಿಯುವವರ ಕೆಲಸದ ತಿರುಳು ಇದೇ: ಮಗು ಮೂರು ಹೊತ್ತೂ ಹೊತ್ತು ತಿರುಗುವ ಎಚ್ಚರವನ್ನು ಕೆಲವು ದಿನಗಳ ಮಟ್ಟಿಗೆ ತಾವು ಹೊರುವುದು.

ರಜೆಯಿಂದಲೂ ಹೊರಗುಳಿದವರು

ನಮ್ಮಲ್ಲಿ ಬೇಸಿಗೆ ಶಿಬಿರವೆಂದರೆ ಏಪ್ರಿಲ್-ಮೇ ತಿಂಗಳ ಹಾಡು, ನಾಟಕ, ಚಿತ್ರಕಲೆ. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ ಅದಕ್ಕೆ ಹೆಸರಾದದ್ದು. ಬೆಳಿಗ್ಗೆ ಹೋದ ಮಗು ದಿನದ ಕೊನೆಗೆ ಮನೆಗೆ ಮರಳುತ್ತದೆ. ಅಮೆರಿಕದ ಕ್ರಮ ಬೇರೆ. ಅಲ್ಲಿ ಶಾಲೆಗಳಿಗೆ ದೊಡ್ಡ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಮಕ್ಕಳು ವಾರಗಟ್ಟಲೆ ಮನೆ ಬಿಟ್ಟು, ಕೆರೆ ಕಾಡುಗಳ ನಡುವಿನ ಮರದ ಮನೆಗಳಲ್ಲಿ ಒಟ್ಟಿಗೆ ಇರುತ್ತಾರೆ. 1861ರಲ್ಲಿ ಕನೆಕ್ಟಿಕಟ್‌ನ ಶಾಲಾ ಮುಖ್ಯಸ್ಥ ಫ್ರೆಡರಿಕ್ ಗನ್ ತಮ್ಮ ವಿದ್ಯಾರ್ಥಿಗಳೊಡನೆ ಬಯಲಿನಲ್ಲಿ ಬೀಡುಬಿಟ್ಟದ್ದನ್ನು ಈ ಪರಂಪರೆಯ ಆರಂಭ ಎಂದು ಗುರುತಿಸುವುದುಂಟು. ಮಕ್ಕಳನ್ನು ನೋಡಿಕೊಳ್ಳುವ ಯುವಕ ಯುವತಿಯರಿಗೆ ಅಲ್ಲಿ ‘ಕೌನ್ಸೆಲರ್’ ಎಂದು ಹೆಸರು. ಉಪದೇಶಕ್ಕಿಂತ ಜತೆಯಲ್ಲಿ ಇರುವುದೇ ಅವರ ಕೆಲಸ. ನಮ್ಮ ಮಾತಿನಲ್ಲಿ ಹೇಳುವುದಾದರೆ ಶಿಬಿರದ ಅಣ್ಣ, ಅಕ್ಕ.

ಆದರೆ ಹಲವು ಮಕ್ಕಳಿಗೆ ಈ ಬಾಗಿಲು ತೆರೆದಿರಲಿಲ್ಲ. ಸೂಜಿ, ಮಾತ್ರೆ, ಪಥ್ಯ ಬೇಕಾದ ಮಗುವಿನ ಹೊಣೆ ಹೊರಲು ಸಾಮಾನ್ಯ ಶಿಬಿರಗಳಿಗೆ ಅಂಜಿಕೆ. ಕಳಿಸಲು ತಾಯಿ ತಂದೆಯರಿಗೂ ಅಂಜಿಕೆ. ಓರಗೆಯವರೆಲ್ಲ ಶಿಬಿರಕ್ಕೆ ಹೋದಾಗ ಆ ಮಗು ಮನೆಯಲ್ಲೇ ಉಳಿಯುತ್ತಿತ್ತು.

ಈ ಬೇಲಿಯನ್ನು ಮೊದಲು ಮುರಿದದ್ದು ಸಕ್ಕರೆ ಕಾಯಿಲೆಯ ಮಕ್ಕಳು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾಯಿತು. ಮರುವರ್ಷ ಜನವರಿಯಲ್ಲಿ ಅದನ್ನು ಮೊದಲು ಪಡೆದವನು 14 ವರ್ಷದ ಬಾಲಕ. ಅಲ್ಲಿಯವರೆಗೆ ಈ ಕಾಯಿಲೆ ತಗುಲಿದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ ಅವರನ್ನು ಬದುಕಿಸಿತು. ಆದರೆ ದಿನವೂ ಸೂಜಿ, ಅಳತೆಯ ಊಟ, ಮೂತ್ರ ಪರೀಕ್ಷೆ ಎಂಬ ಜೀವನಪರ್ಯಂತದ ಲೆಕ್ಕಾಚಾರವನ್ನೂ ತಂದಿತು. 1925ರಲ್ಲಿ ಡೆಟ್ರಾಯಿಟ್‌ನ ವೈದ್ಯ ಲಿಯೊನಾರ್ಡ್ ವೆಂಟ್ ಇಂಥ ಮಕ್ಕಳನ್ನು ಮಿಷಿಗನ್ ರಾಜ್ಯದ ಶಿಬಿರಕ್ಕೆ ಕರೆದೊಯ್ದರು. ಮ್ಯಾಸಚೂಸೆಟ್ಸ್‌ನಲ್ಲಿ, ಅಮೆರಿಕದ ರೆಡ್ ಕ್ರಾಸ್ ಸ್ಥಾಪಿಸಿದ ಕ್ಲಾರಾ ಬಾರ್ಟನ್ ಹುಟ್ಟಿದ ಮನೆಯ ಆವರಣದಲ್ಲಿ 1932ರಲ್ಲಿ ಹುಡುಗಿಯರ ಶಿಬಿರ ಶುರುವಾಯಿತು. ಸಕ್ಕರೆ ಕಾಯಿಲೆಯ ಪ್ರಸಿದ್ಧ ವೈದ್ಯ ಎಲಿಯಟ್ ಜಾಸ್ಲಿನ್ ಅವರ ಹೆಸರಿನ ಹುಡುಗರ ಶಿಬಿರ 1948ರಲ್ಲಿ ಬಂತು. ಸ್ನಾಯುಕ್ಷಯದ ಮಕ್ಕಳ ಶಿಬಿರಗಳು ಮೊದಲಾದದ್ದು 1955ರಲ್ಲಿ.

ನಡುರಾತ್ರಿಯ ಟಾರ್ಚು

ಸಕ್ಕರೆ ಕಾಯಿಲೆಯ ಶಿಬಿರದಲ್ಲಿ ಕೆಲಸ ಮಾಡುವುದೆಂದರೆ ಏನೆಂದು ತಿಳಿಯಲು ರಾತ್ರಿಯನ್ನು ನೋಡಬೇಕು. ಮನೆಯಲ್ಲಿ ಕುಳಿತಿರುತ್ತಿದ್ದ ಮಗು ಇಲ್ಲಿ ಹಗಲಿಡೀ ಓಡುತ್ತದೆ, ದೋಣಿಗೆ ಹುಟ್ಟು ಹಾಕುತ್ತದೆ. ಆಟದಿಂದ ರಕ್ತದ ಸಕ್ಕರೆ ಇಳಿಯುತ್ತದೆ. ಆ ಇಳಿತ ಗಂಟೆಗಟ್ಟಲೆ ಮುಂದುವರಿದು ನಿದ್ದೆಯಲ್ಲಿ ಕಾಡಬಹುದು. ಎಚ್ಚರವಿದ್ದರೆ ನಡುಕ, ಬೆವರು, ಹಸಿವು ಸುಳಿವು ಕೊಡುತ್ತವೆ. ಮಲಗಿದ ಮಗುವಿಗೆ ಆ ಸುಳಿವು ಸಿಗದೇ ಹೋಗಬಹುದು. ಅದಕ್ಕಾಗಿ ಶಿಬಿರಕ್ಕೆ ಬಂದ ಕೂಡಲೇ ಇನ್ಸುಲಿನ್ ಪ್ರಮಾಣವನ್ನು ಮನೆಯಲ್ಲಿದ್ದುದಕ್ಕಿಂತ ಕೊಂಚ ಇಳಿಸುವುದು ವಾಡಿಕೆ.

ಆದರೂ ನಡುರಾತ್ರಿ ಒಬ್ಬರು ಟಾರ್ಚು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಬೇಕು. ನಿದ್ದೆಗೆಡಿಸದಂತೆ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ನೋಡಬೇಕು. ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ 15 ಗ್ರಾಂನಷ್ಟು ಸಕ್ಕರೆ ಅಥವಾ ಹಣ್ಣಿನ ರಸ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಚರ್ಮಕ್ಕೆ ಅಂಟಿಸಿಕೊಂಡು ಸದಾ ಸಕ್ಕರೆಯ ಮಟ್ಟ ತೋರಿಸುವ ಉಪಕರಣಗಳು ಬಂದ ಮೇಲೆ ಬೆರಳು ಚುಚ್ಚುವ ಕೆಲಸ ಬಹಳ ಕಡಿಮೆಯಾಗಿದೆ. ಆದರೆ ಉಪಕರಣ ಕೂಗಿದಾಗ ಎದ್ದು ಹೋಗಲು ಮನುಷ್ಯರೇ ಬೇಕು. ಬೆಳಿಗ್ಗೆ ಅದೇ ಕೌನ್ಸೆಲರ್ ಎಲ್ಲರಿಗಿಂತ ಮೊದಲು ಎದ್ದು ಹಾಡು ಹೇಳಿಸಬೇಕು.

ಈ ಶಿಬಿರಗಳು ಮಕ್ಕಳಿಗೆ ಇನ್ನೊಂದು ಪಾಠವನ್ನೂ ಕಲಿಸಿದವು. ಎಲ್ಲರೂ ಊಟಕ್ಕೆ ಮುಂಚೆ ಸೂಜಿ ಚುಚ್ಚಿಕೊಳ್ಳುವ ಜಾಗದಲ್ಲಿ ಅದು ನಾಚಿಕೆಯ ವಿಷಯವಾಗಿ ಉಳಿಯುವುದಿಲ್ಲ. ವೈದ್ಯರು ಹೇಳಿ ಸೋತದ್ದನ್ನು ಪಕ್ಕದ ಹಾಸಿಗೆಯ ಮಗು ಕಣ್ಣೆದುರೇ ಮಾಡಿ ತೋರಿಸುತ್ತದೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ಮಕ್ಕಳ ಶಿಬಿರಗಳಲ್ಲೂ, ತಮ್ಮ ರಕ್ತನಾಳಕ್ಕೆ ತಾವೇ ಔಷಧಿ ಚುಚ್ಚಿಕೊಳ್ಳಲು ಮೊದಲ ಬಾರಿ ಕಲಿತ ಮಗುವಿಗೆ ಎಲ್ಲರೆದುರು ಬಹುಮಾನ ಕೊಡುವ ರೂಢಿ ಬೆಳೆಯಿತು.

ಬದುಕುಳಿದವರ ಹೊಸ ತಲೆಮಾರು

ಕ್ಯಾನ್ಸರ್ ಮಕ್ಕಳ ವಿಷಯದಲ್ಲಿ ಶಿಬಿರದ ಮಾತು ಬಂದದ್ದು ತಡವಾಗಿ, ಏಕೆಂದರೆ ಅದಕ್ಕೆ ಮೊದಲು ಅವರು ಬದುಕಬೇಕಿತ್ತು. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್, ‘ಅಮಿನೊಪ್ಟೆರಿನ್’ ಎಂಬ ಔಷಧದಿಂದ ಮಕ್ಕಳ ರಕ್ತದ ಕ್ಯಾನ್ಸರ್ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟುತ್ತದೆ ಎಂದು ಪ್ರಕಟಿಸಿದ್ದು 1948ರಲ್ಲಿ. ಆ ಔಷಧವನ್ನು ಒದಗಿಸಿದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ ಆಂಧ್ರದ ಭೀಮಾವರಂ ಮೂಲದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ನೇತೃತ್ವದ ತಂಡ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅವರು ಕಾಲಿಟ್ಟ ದಾರಿಯಲ್ಲಿ ಚಿಕಿತ್ಸೆ ಬೆಳೆದು, ಅಂದು ಬಹುಪಾಲು ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ರಕ್ತದ ಕ್ಯಾನ್ಸರಿನ ಮುಖ್ಯ ಬಗೆಯಲ್ಲಿ, ಇಂದು ಶ್ರೀಮಂತ ದೇಶಗಳ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಿದ್ದಾರೆ.

ಗುಣವಾಗುವ ಹಾದಿ ಮಾತ್ರ ಎರಡು ಮೂರು ವರ್ಷದ್ದು. ಆ ಅವಧಿಯಲ್ಲಿ ಕೂದಲು ಉದುರುತ್ತದೆ, ಶಾಲೆ ತಪ್ಪುತ್ತದೆ, ಗೆಳೆಯರು ದೂರವಾಗುತ್ತಾರೆ. ಸುತ್ತಲಿನ ದೊಡ್ಡವರೆಲ್ಲ ಅದೇ ಪದವನ್ನು ಹೇಳುತ್ತಿರುತ್ತಾರೆ: ಬೇಡ. ಓಡಬೇಡ, ಮುಟ್ಟಬೇಡ, ಹೊರಗಿನದು ತಿನ್ನಬೇಡ. ರೋಗದಿಂದ ಪಾರಾದ ಮಗುವಿಗೆ ಬಾಲ್ಯವನ್ನು ಯಾರು ಮರಳಿಸಬೇಕು ಎಂಬ ಪ್ರಶ್ನೆ ಎದ್ದದ್ದು ಹೀಗೆ.

ಅದಕ್ಕೊಂದು ಉತ್ತರ ಹಾಲಿವುಡ್ ಕಡೆಯಿಂದ ಬಂತು. ನಟ ಪಾಲ್ ನ್ಯೂಮನ್ 1982ರಲ್ಲಿ ಗೆಳೆಯ, ಲೇಖಕ ಎ.ಇ. ಹಾಚ್ನರ್ ಜತೆಗೂಡಿ ಸಲಾಡ್‌ಗೆ ಬೆರೆಸುವ ಡ್ರೆಸಿಂಗ್ ಮಾರುವ ಕಂಪೆನಿ ಆರಂಭಿಸಿದರು. ತಮಾಷೆಗೆ ಶುರುವಾದ ‘ನ್ಯೂಮನ್ಸ್ ಓನ್’ ಭರ್ಜರಿ ಲಾಭ ತಂದಿತು. ಲಾಭವೆಲ್ಲ ದಾನಕ್ಕೆ ಎಂಬುದು ಅದರ ನಿಯಮ. ತಮ್ಮ ಬದುಕಿಗೆ ಅದೃಷ್ಟ ಧಾರಾಳವಾಗಿ ಒಲಿದಿದೆ, ಏನೂ ತಪ್ಪು ಮಾಡದ ಮಕ್ಕಳಿಗೆ ಅದು ಕೈಕೊಟ್ಟಿದೆ ಎಂಬ ಭಾವನೆ ನ್ಯೂಮನ್ ಅವರದು. ಆಶ್‌ಫರ್ಡ್‌ನಲ್ಲಿ 300 ಎಕರೆಗೂ ಮಿಕ್ಕಿದ ಜಾಗದಲ್ಲಿ ಶಿಬಿರ ಎದ್ದಿತು. 1988ರ ಬೇಸಿಗೆಯಲ್ಲಿ ಮೊದಲ ಮಕ್ಕಳು ಬಂದರು. ಯಾವ ಕುಟುಂಬದಿಂದಲೂ ಶುಲ್ಕವಿಲ್ಲ.

ಹೆಸರು ‘ಹೋಲ್ ಇನ್ ದ ವಾಲ್ ಗ್ಯಾಂಗ್ ಕ್ಯಾಂಪ್’. 1969ರ ‘ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡಾನ್ಸ್ ಕಿಡ್’ ಚಿತ್ರದಲ್ಲಿ ನ್ಯೂಮನ್ ದರೋಡೆಕೋರನ ಪಾತ್ರ ಮಾಡಿದ್ದರು. ಆ ತಂಡದ ಹೆಸರೇ ಇದು. ರೋಗಿ ಮಕ್ಕಳಿಗೆ ಒಂದು ವಾರ ಪುಂಡರಾಗುವ ಅವಕಾಶ ಸಿಗಲಿ ಎಂಬುದು ಇಂಗಿತ.

ವೇಷ ಹಾಕಿಕೊಂಡ ಆಸ್ಪತ್ರೆ

ವಾಸ್ತುಶಿಲ್ಪಿ ಥಾಮಸ್ ಬೀಬಿ ಶಿಬಿರವನ್ನು ಹಳೆಯ ಕೌಬಾಯ್ ಚಿತ್ರಗಳ ಊರಿನಂತೆ ಕಟ್ಟಿದರು. ಅದೇ ಊರಿನ ಒಂದು ಕಟ್ಟಡ ಆಸ್ಪತ್ರೆ. ಆದರೆ ಅದಕ್ಕೆ ಆ ಹೆಸರಿಲ್ಲ. ಕೌಬಾಯ್ ಕಾಲದ ಪ್ರಸಿದ್ಧ ಗುಂಡಿನ ಕಾಳಗ ನಡೆದ ಜಾಗದ ನೆನಪಿಗೆ ‘ಓಕೆ ಕೊರಾಲ್’ ಎನ್ನುತ್ತಾರೆ. ಯೇಲ್ ವಿಶ್ವವಿದ್ಯಾಲಯದ ಮಕ್ಕಳ ರಕ್ತರೋಗ ತಜ್ಞ ಹೋವರ್ಡ್ ಪಿಯರ್‌ಸನ್ ಮೊದಲ ವೈದ್ಯಕೀಯ ನಿರ್ದೇಶಕರಾಗಿದ್ದರು. ಮುಂದೆ ಬೇರೆ ಕಡೆ ಹುಟ್ಟಿದ ಶಿಬಿರಗಳೂ ಇದೇ ಜಾಡು ಹಿಡಿದವು. 1996ರಲ್ಲಿ ಫ್ಲಾರಿಡಾದಲ್ಲಿ ತೆರೆದ ‘ಕ್ಯಾಂಪ್ ಬಾಗಿ ಕ್ರೀಕ್’ನಲ್ಲಿ ಆಸ್ಪತ್ರೆಯ ಹೆಸರು ‘ಪ್ಯಾಚ್’, ಅಂದರೆ ತೇಪೆ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದ ‘ಪೇಂಟೆಡ್ ಟರ್ಟಲ್’ ಶಿಬಿರದ್ದು ‘ವೆಲ್ ಶೆಲ್’; ಆಮೆಯ ಹೆಸರಿನ ಶಿಬಿರಕ್ಕೆ ಕ್ಷೇಮದ ಚಿಪ್ಪು.

ಹೆಸರು ಬದಲಾದರೂ ಒಳಗಿನ ಕೆಲಸ ಆಸ್ಪತ್ರೆಯದೇ. ಮಗು ಬರುವ ಮೊದಲೇ ಅದರ ಚಿಕಿತ್ಸೆಯ ಕಾಗದಪತ್ರಗಳನ್ನು ವೈದ್ಯರು, ನರ್ಸ್‌ಗಳು ಓದಿರುತ್ತಾರೆ. ಬಂದ ದಿನ ಮಾತ್ರೆಗಳನ್ನು ಪೋಷಕರ ಎದುರೇ ಎಣಿಸಿ ಪಡೆಯುತ್ತಾರೆ. ಔಷಧಿ ಕೊಡುವುದು ನರ್ಸ್‌ಗಳ ಹೊಣೆ, ಕೌನ್ಸೆಲರ್‌ಗಳದ್ದಲ್ಲ. ಆದರೆ ಯಾವ ಮಗು ತಟ್ಟೆಯಲ್ಲಿ ಅನ್ನ ಬಿಟ್ಟಿತು, ಯಾರು ಇಂದು ಹೆಚ್ಚು ಮಾತಾಡಲಿಲ್ಲ, ಯಾರ ಮೈ ಬಿಸಿ ಇದೆ ಎಂದು ಮೊದಲು ತಿಳಿಯುವುದು ಜತೆಯಲ್ಲಿರುವ ಅಣ್ಣ ಅಕ್ಕಂದಿರಿಗೆ. ಕಾಲೇಜಿನಲ್ಲಿ ಓದುವ ವಯಸ್ಸಿನವರೇ ಅವರಲ್ಲಿ ಹೆಚ್ಚು. ಚಿಕ್ಕಂದಿನಲ್ಲಿ ಇದೇ ಶಿಬಿರಕ್ಕೆ ರೋಗಿಯಾಗಿ ಬಂದು, ದೊಡ್ಡವರಾಗಿ ಕೆಲಸಕ್ಕೆ ಮರಳಿದವರೂ ಇದ್ದಾರೆ.

ಕೆಲವು ವಿಷಯಗಳಲ್ಲಿ ಕಾಯುವಂತಿಲ್ಲ. ಕ್ಯಾನ್ಸರ್ ಔಷಧಿಗಳಿಂದ ಬಿಳಿ ರಕ್ತಕಣಗಳು ಕುಸಿದ ಮಗುವಿಗೆ ಜ್ವರ ಬಂದರೆ ಅದು ತುರ್ತು ಪ್ರಸಂಗ. ಗಂಟೆಯೊಳಗೆ ಪ್ರತಿಜೀವಕ ಶುರುವಾಗಬೇಕೆಂಬುದು ವೈದ್ಯರ ಗುರಿ. ನಾವು ಮನೆಯಲ್ಲೇ ಬೇವಿನ ಸೊಪ್ಪು ಹಾಸಿ ಕಳೆಯುವ ಸೀತಾಳೆ ಸಿಡುಬು ಇಂಥ ಮಕ್ಕಳ ಜೀವಕ್ಕೇ ಮುಳುವಾಗಬಹುದು. ಹಾಗಾಗಿ ಕೆಲಸಕ್ಕೆ ಬರುವವರೂ ತಮಗೆ ಆಗಬೇಕಾದ ಲಸಿಕೆಗಳೆಲ್ಲ ಆಗಿವೆ ಎಂದು ತೋರಿಸಬೇಕು. ಎದೆಯಿಂದ ಹೊರಬರುವ ಔಷಧಿಯ ಕೊಳವೆ ಇರುವ ಮಗು ನೀರಿಗಿಳಿಯಬಹುದೇ, ಇಳಿದರೆ ಹೇಗೆ ಮುಚ್ಚಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಹಿಮೋಫಿಲಿಯಾ ಇರುವ ಮಗು ಗೋಡೆ ಹತ್ತುವ ದಿನ, ರಕ್ತ ಹೆಪ್ಪುಗಟ್ಟಿಸುವ ಔಷಧಿಯನ್ನು ಬೆಳಿಗ್ಗೆಯೇ ಪಡೆದಿರುತ್ತದೆ. ಹೀಗೆ ನೂರು ತಯಾರಿಗಳಾದ ಮೇಲೆ ಮಗುವಿಗೆ ಒಂದು ಮಾತು ಹೇಳಲು ಸಾಧ್ಯವಾಗುತ್ತದೆ: ‘ಹೂಂ, ಹತ್ತು.’

ಕೈ ಹಿಂದಕ್ಕೆ ಕಟ್ಟಿಕೊಳ್ಳುವ ಕಷ್ಟ

ಕೆಲಸಕ್ಕೆ ಸೇರಿದವರಿಗೆ ತರಬೇತಿಯಲ್ಲಿ ಕಲಿಸುವ ಸಂಗತಿಗಳಲ್ಲಿ ಗಾಲಿಕುರ್ಚಿ ತಳ್ಳುವುದು, ಎತ್ತಿ ಕೂರಿಸುವುದು, ಅಪಸ್ಮಾರ ಬಂದಾಗ ಮಾಡಬೇಕಾದ್ದು ಎಲ್ಲ ಇವೆ. ಮಗುವಿನ ಜತೆ ಒಬ್ಬರೇ ಏಕಾಂತದಲ್ಲಿ ಇರಬಾರದೆಂಬ ಕಟ್ಟುನಿಟ್ಟೂ ಇದೆ. ಇವೆಲ್ಲ ಅಭ್ಯಾಸದಿಂದ ಬರುತ್ತವೆ. ಕಷ್ಟದ್ದು ಬೇರೊಂದು: ಸಹಾಯ ಮಾಡದೆ ನಿಲ್ಲುವುದು. ಬೋಳು ತಲೆಯ, ಸಣಕಲು ಕಾಲಿನ ಮಗು ಹಗ್ಗದ ಏಣಿಯ ನಡುವೆ ನಿಂತು ನಡುಗುವಾಗ ಕೆಳಗಿರುವವರ ಕೈ ತಾನಾಗಿ ಮುಂದಕ್ಕೆ ಬರುತ್ತದೆ. ಆ ಕೈಯನ್ನು ತಡೆಯಬೇಕು. ಸೊಂಟಕ್ಕೆ ಪಟ್ಟಿ ಕಟ್ಟಿದೆ, ಹಗ್ಗ ಹಿಡಿದವರು ಪಳಗಿದವರು. ಮುಂದೆ ಹೋಗುವುದೋ ಇಳಿಯುವುದೋ ಮಗುವಿನ ತೀರ್ಮಾನ. ಎರಡು ಮೆಟ್ಟಿಲು ಹತ್ತಿ ಇಳಿದರೂ ಚಪ್ಪಾಳೆಯೇ.

ಐರ್ಲೆಂಡಿನ ಕಿಲ್ಡೇರ್ ಜಿಲ್ಲೆಯ ಕೋಟೆಯೊಂದರಲ್ಲಿ 1994ರಲ್ಲಿ ನ್ಯೂಮನ್ ಆರಂಭಿಸಿದ ‘ಬ್ಯಾರೆಟ್ಸ್‌ಟೌನ್’ ಶಿಬಿರ ಈ ಕ್ರಮವನ್ನು ನಾಲ್ಕು ಹೆಜ್ಜೆಗಳಲ್ಲಿ ವಿವರಿಸಿತು: ಸವಾಲು, ಯಶಸ್ಸು, ಅದರ ಬಗ್ಗೆ ಮೆಲುಕು, ತನ್ನಲ್ಲಿ ಹೊಸದೊಂದನ್ನು ಕಂಡುಕೊಳ್ಳುವುದು. ಮೆಲುಕು ಹಾಕುವುದು ರಾತ್ರಿ. ದೀಪ ಸಣ್ಣದು ಮಾಡಿ ಮಕ್ಕಳು ಸುತ್ತ ಕೂರುತ್ತಾರೆ. ಯಾರಾದರೂ ಒಂದು ಪ್ರಶ್ನೆ ಕೇಳುತ್ತಾರೆ, ಸರದಿಯಂತೆ ಉತ್ತರ. ಇಷ್ಟದ ತಿಂಡಿಯಿಂದ ಹೊರಟ ಮಾತು ಕೆಲವೊಮ್ಮೆ ತಾನು ಸತ್ತರೆ ಅಮ್ಮ ಏನು ಮಾಡಿಯಾಳು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮನೆಯಲ್ಲಿ ಈ ಮಾತು ಆಡುವಂತಿಲ್ಲ; ಅಮ್ಮ ಅಳುತ್ತಾಳೆ ಎಂದು ಮಗುವಿಗೆ ಗೊತ್ತು. ಇಲ್ಲಿ ಪಕ್ಕದಲ್ಲಿ ಕುಳಿತ ಮಗುವಿಗೂ ಅದೇ ಅನುಮಾನ. ಇಪ್ಪತ್ತು ವರ್ಷದ ಕೌನ್ಸೆಲರ್ ಬಳಿ ಅದಕ್ಕೆ ಉತ್ತರವಿಲ್ಲ. ಸುಳ್ಳು ಧೈರ್ಯ ಹೇಳದೆ, ಎದ್ದು ಹೋಗದೆ, ಕೇಳಿಸಿಕೊಂಡು ಕೂರುವುದಷ್ಟೇ ಕೆಲಸ.

ಎಚ್‌ಐವಿ ಸೋಂಕಿನ ಮಕ್ಕಳಿಗೆ ಈ ರಾತ್ರಿಯ ಮಾತು ಇನ್ನೂ ದೊಡ್ಡದಾಗಿತ್ತು. ಅವರಿಗಾಗಿ 1993ರಲ್ಲಿ ಅಮೆರಿಕದಲ್ಲಿ ‘ಕ್ಯಾಂಪ್ ಹಾರ್ಟ್‌ಲ್ಯಾಂಡ್’ ಶುರುವಾದಾಗ ಪರಿಣಾಮಕಾರಿ ಔಷಧಿಗಳು ಇನ್ನೂ ಬಂದಿರಲಿಲ್ಲ. ಶಾಲೆಯಲ್ಲಿ, ನೆರೆಹೊರೆಯಲ್ಲಿ ಮುಚ್ಚಿಟ್ಟು ಬದುಕಿದ ಗುಟ್ಟನ್ನು ವರ್ಷದಲ್ಲಿ ಒಂದು ವಾರ ಮಾತ್ರ ಕೆಳಗಿಡಬಹುದಿತ್ತು.

ಕಳೆದ ಬೇಸಿಗೆಗೆ ಬಂದಿದ್ದ ಮಗು ಈ ಬೇಸಿಗೆಗೆ ಬಾರದಿರುವುದೂ ಉಂಟು. ಮರುವರ್ಷದ ಪಟ್ಟಿಯಲ್ಲಿ ಆ ಹೆಸರು ಹುಡುಕುವ ಗಳಿಗೆಗೆ ಯಾವ ತರಬೇತಿಯೂ ಪೂರ್ತಿ ಸಿದ್ಧಗೊಳಿಸದು.

ಒಂದು ವಾರದಿಂದ ಏನಾದೀತು?

ಟೀಕೆಯೂ ಇದೆ. ಶಿಬಿರ ಯಾರ ರೋಗವನ್ನೂ ಗುಣಪಡಿಸುವುದಿಲ್ಲ. ಅಷ್ಟು ಹಣ, ಅಷ್ಟು ಜನ, ಒಂದು ವಾರದ ನಗುವಿಗೆ ಬೇಕೆ? ಅದೇ ಹಣದಲ್ಲಿ ಔಷಧಿ ಕೊಡಿಸಬಹುದಲ್ಲ? ಈ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಶಿಬಿರಗಳ ಬಗ್ಗೆ ನಡೆದ ಅಧ್ಯಯನಗಳು ಬಹುತೇಕ ಸಣ್ಣವು. ಮಕ್ಕಳ ಆತ್ಮವಿಶ್ವಾಸ, ತಮ್ಮ ರೋಗವನ್ನು ತಾವೇ ನಿಭಾಯಿಸುವ ತಿಳಿವಳಿಕೆ ಹೆಚ್ಚುವುದು ಅವುಗಳಲ್ಲಿ ಕಾಣುತ್ತದೆ. ಆ ಲಾಭ ಎಷ್ಟು ಕಾಲ ಉಳಿಯುತ್ತದೆ ಎಂಬುದರಲ್ಲಿ ಒಮ್ಮತವಿಲ್ಲ.

ಬೇಕೆಂದು ಹೇಳುವವರ ವಾದ ಸರಳ: ಆರೋಗ್ಯವಂತ ಮಗುವಿನ ಆಟಕ್ಕೆ ನಾವು ಲಾಭದ ಲೆಕ್ಕ ಕೇಳುವುದಿಲ್ಲ, ರೋಗಿ ಮಗುವಿನ ಆಟಕ್ಕೆ ಮಾತ್ರ ಏಕೆ? 2020ರಲ್ಲಿ ಕೋವಿಡ್ ಬಂದು ಮಕ್ಕಳನ್ನು ಒಟ್ಟು ಸೇರಿಸುವುದೇ ಅಪಾಯವಾದಾಗ ಈ ಶಿಬಿರಗಳು ಪರದೆಯ ಮೇಲೆ ನಡೆದವು. 2021ರ ಫೆಬ್ರುವರಿಯಲ್ಲಿ ಆಶ್‌ಫರ್ಡ್ ಶಿಬಿರದ ಕರಕುಶಲ ಕೇಂದ್ರವೂ ಸೇರಿ ಕೆಲವು ಕಟ್ಟಡಗಳು ಬೆಂಕಿಗೆ ಆಹುತಿಯಾದವು. ಆದರೂ ಶಿಬಿರ ನಿಲ್ಲಲಿಲ್ಲ. ನ್ಯೂಮನ್ 2008ರಲ್ಲಿ ತೀರಿಕೊಂಡರು. ಅವರು ಮೊದಲು ಮಾಡಿದ ಶಿಬಿರದ ಬಳಗ 2012ರಿಂದ ‘ಸೀರಿಯಸ್‌ಫನ್’ ಎಂಬ ಹೆಸರಿನಲ್ಲಿ ಇಟಲಿ, ಹಂಗೆರಿ, ಫ್ರಾನ್ಸ್ ಮುಂತಾದ ದೇಶಗಳಲ್ಲೂ ಕೆಲಸ ಮಾಡುತ್ತಿದೆ.

ಬೆಚ್ಚಗಿನ ನೀರಿನ ಕೊಳಕ್ಕೆ ಕಾರಣವಾದ ಕಾಯಿಲೆ ನಮಗೂ ದೂರದ್ದಲ್ಲ. ದಕ್ಷಿಣ ಭಾರತದಲ್ಲಿ ಕುಡಗೋಲು ಕಣದ ಇರುವಿಕೆ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೆ ಹೊಂದಿದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಕರ್ನಾಟಕದ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲೂ ಅದು ಇದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಆರಂಭಿಸಿದ, 7 ಕೋಟಿ ಜನರ ತಪಾಸಣೆಯ ಗುರಿಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ. ತಪಾಸಣೆಯಲ್ಲಿ ರೋಗ ಪತ್ತೆಯಾದ ಮಗು ಮರುದಿನ ಶಾಲೆಗೆ ಹೋಗುತ್ತದೆ. ಆಟದ ಅವಧಿಯಲ್ಲಿ ಅದನ್ನು ಬೆಂಚಿನ ಮೇಲೆ ಕೂರಿಸಬೇಕೆ, ಇಲ್ಲವೇ ಕೈಗೊಂದು ನೀರಿನ ಬಾಟಲಿ ಕೊಟ್ಟು, ದಣಿದಾಗ ಕೂರಲು ಹೇಳಿ ಆಡಲು ಬಿಡಬೇಕೆ ಎಂದು ಅಲ್ಲಿಯ ಮೇಷ್ಟ್ರು ತೀರ್ಮಾನಿಸಬೇಕು. ಅದಕ್ಕೆ 300 ಎಕರೆ ಬೇಡ. ರೋಗವನ್ನು ತಿಳಿದ, ಮಗುವಿನ ಮೇಲೆ ಕಣ್ಣಿಟ್ಟ ಒಬ್ಬ ದೊಡ್ಡವರು ಸಾಕು.

ಆಶ್‌ಫರ್ಡ್‌ನಂಥ ಶಿಬಿರಗಳಲ್ಲಿ ಕೊನೆಯ ದಿನ ಪೋಷಕರು ಬಂದು ಉಳಿದ ಮಾತ್ರೆಗಳನ್ನು ಎಣಿಸಿ ವಾಪಸು ಪಡೆಯುತ್ತಾರೆ. ಯಾವ ದಿನ ಜ್ವರವಿತ್ತು, ಎಷ್ಟು ನಿದ್ದೆ, ಏನು ಊಟ ಎಂದು ವಿಚಾರಿಸುತ್ತಾರೆ. ಮಗು ಮಾತ್ರ ಬೇರೆಯದನ್ನೇ ಹೇಳುತ್ತಿರುತ್ತದೆ: ಎಷ್ಟು ಎತ್ತರ ಹತ್ತಿದೆ, ಯಾರು ದೋಣಿಯಿಂದ ಬಿದ್ದರು. ಎರಡೂ ವರದಿಗಳು ಒಂದೇ ವಾರದವು. ಎರಡನೆಯದನ್ನು ಸಾಧ್ಯವಾಗಿಸಲು ಮೊದಲನೆಯದನ್ನು ಬರೆದಿಟ್ಟವರು ಆಗಲೇ ಹಾಸಿಗೆಗಳ ಹೊದಿಕೆ ಬದಲಿಸುತ್ತಿರುತ್ತಾರೆ. ಮುಂದಿನ ತಂಡದ ಮಕ್ಕಳು ಬರುವ ಹೊತ್ತಾಗಿರುತ್ತದೆ.